ತಿಂದೂ ಸೊರಗುವ ಕೋಳಿ, ತಿನ್ನದೆ ಸೊರಗುವ ಕೋಳಿ: ಹಿತ್ತಿಲ ಸಾಕಣೆದಾರರಿಗೆ ತಪಾಸಣೆಯ ಕ್ರಮ

ಕೋಳಿ ಸೊರಗುವುದು ಕಣ್ಣಿಗೆ ಕಾಣುವುದಿಲ್ಲ. ಎದೆಯ ಮಾಂಸ ಅರ್ಧಕ್ಕೆ ಇಳಿದಿದ್ದರೂ ಮೈತುಂಬ ಪುಕ್ಕವಿರುವ ಹೇಂಟೆ ದೂರದಿಂದ ನೋಡುವವರಿಗೆ ದುಂಡಗೇ ತೋರುತ್ತದೆ. ಕಾಯಿಲೆ ಬಿದ್ದ ಕೋಳಿ ಚಳಿಗೆ ಪುಕ್ಕ ಕೆದರಿಕೊಂಡು ಕೂರುವುದರಿಂದ ಇನ್ನಷ್ಟು ದಪ್ಪಗೆ ಕಾಣುವುದೂ ಉಂಟು. "ನಿನ್ನೆಯವರೆಗೂ ಚೆನ್ನಾಗಿತ್ತು, ಬೆಳಗ್ಗೆ ನೋಡಿದರೆ ಸತ್ತುಬಿದ್ದಿದೆ" ಎನ್ನುವವರ ಕೋಳಿಯನ್ನು ಎತ್ತಿ ನೋಡಿದರೆ ಎಷ್ಟೋ ಸಲ ಎದೆಮೂಳೆ ಬೆರಳಿಗೆ ಚುಚ್ಚುತ್ತದೆ. ಅದು ಒಂದು ರಾತ್ರಿಯಲ್ಲಿ ಆದದ್ದಲ್ಲ, ವಾರಗಟ್ಟಲೆ ನಡೆದದ್ದು.

ಸೊರಗಿದ್ದು ಗೊತ್ತಾದ ಮೇಲೆ ನಮ್ಮಲ್ಲಿ ನಡೆಯುವುದೇನು? ಔಷಧದ ಅಂಗಡಿಗೆ ಹೋಗಿ ಜಂತಿನ ಔಷಧ ಒಂದು, ಟಾನಿಕ್ ಒಂದು, ಜೊತೆಗೆ ಅಂಗಡಿಯವರು ಕೊಟ್ಟ ಆ್ಯಂಟಿಬಯೋಟಿಕ್ ಪುಡಿ ಒಂದು ತಂದು ಮೂರನ್ನೂ ನೀರಿಗೆ ಬೆರೆಸಿಡುವುದು. ಕೋಳಿ ಬದುಕಿದರೆ ಯಾವುದರಿಂದ ಬದುಕಿತು, ಸತ್ತರೆ ಏತರಿಂದ ಸತ್ತಿತು ಎರಡೂ ತಿಳಿಯುವುದಿಲ್ಲ. ಇದರ ಬದಲು ಒಂದೇ ಒಂದು ಪ್ರಶ್ನೆಯಿಂದ ಹೊರಡಿ: ಈ ಕೋಳಿ ತಿನ್ನದೆ ಸೊರಗುತ್ತಿದೆಯೋ, ತಿಂದೂ ಸೊರಗುತ್ತಿದೆಯೋ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ದಾರಿ ಕ್ರಮಿಸಿದಂತೆಯೇ. ಉತ್ತರ ಹುಡುಕಲು ಒಂದು ಸಂಜೆ, ಮರುದಿನದ ಬೆಳಗು ಮತ್ತು ನಿಮ್ಮ ಕೈ ಬೆರಳುಗಳು ಸಾಕು.

ಮೊದಲ ಕೆಲಸ: ಎತ್ತಿ ಮುಟ್ಟಿ ನೋಡುವುದು

ಕತ್ತಲಾದ ಮೇಲೆ, ಕೋಳಿಗಳು ಗೂಡು ಸೇರಿ ಕೋಲಿನ ಮೇಲೆ ಕೂತ ನಂತರ ಹೋಗಿ. ಹಗಲಿನಲ್ಲಿ ಅಟ್ಟಾಡಿಸಿ ಹಿಡಿದರೆ ಕಾಯಿಲೆಯ ಕೋಳಿ ಮತ್ತಷ್ಟು ಬಳಲುತ್ತದೆ. ಕತ್ತಲಲ್ಲಿ ಅದು ಸುಮ್ಮನೆ ಕೈಗೆ ಬರುತ್ತದೆ. ರೆಕ್ಕೆಗಳನ್ನು ಮೈಗೆ ಒತ್ತಿ ಹಿಡಿದು, ಎದೆಯ ಕೆಳಗೆ ಅಂಗೈ ಇಡಿ. ನಡುವೆ ಉದ್ದಕ್ಕೆ ಹಾದುಹೋಗುವ ಎದೆಮೂಳೆ, ಅದರ ಎರಡೂ ಬದಿಗೆ ಮಾಂಸ. ಆರೋಗ್ಯವಂತ ಕೋಳಿಯಲ್ಲಿ ಮಾಂಸ ಮೂಳೆಯ ಅಂಚಿನವರೆಗೂ ತುಂಬಿಕೊಂಡಿರುತ್ತದೆ. ಸೊರಗಲು ತೊಡಗಿದಾಗ ಮೂಳೆ ಸ್ಪಷ್ಟವಾಗಿ ಕೈಗೆ ಸಿಗುತ್ತದೆ, ಬದಿಗಳು ಇಳಿಜಾರಾಗುತ್ತವೆ. ತೀರಾ ಬಡಕಲಾದಾಗ ಬದಿಗಳು ಒಳಕ್ಕೆ ಕುಸಿದು, ಮೂಳೆ ಕತ್ತಿಯ ಅಲಗಿನಂತೆ ಎದ್ದು ನಿಲ್ಲುತ್ತದೆ.

ಇಲ್ಲೊಂದು ಎಚ್ಚರ. ನಾಟಿ ಕೋಳಿಯ ಎದೆ ಹುಟ್ಟಿನಿಂದಲೇ ಕಿರಿದು. ಅದನ್ನು ಬ್ರಾಯ್ಲರ್ ಎದೆಯೊಂದಿಗೆ ಹೋಲಿಸಿದರೆ ಊರಿನ ಎಲ್ಲ ಕೋಳಿಗಳೂ ರೋಗಿಷ್ಟವೇ. ಅದೇ ತಳಿಯ, ಅದೇ ವಯಸ್ಸಿನ ಇನ್ನೊಂದು ಕೋಳಿಯನ್ನು ಆಗಲೇ ಎತ್ತಿ ಮುಟ್ಟಿ ನೋಡಿ; ಅದೇ ನಿಮ್ಮ ಅಳತೆಗೋಲು. ಎರಡೂ ಒಂದೇ ಬಗೆಯಾಗಿ ಸೊರಗಿದ್ದರೆ ತೊಂದರೆ ಒಂದು ಕೋಳಿಯದಲ್ಲ, ಇಡೀ ಗೂಡಿನದು. ಆಗ ಅನುಮಾನ ಮೊದಲು ಹೋಗಬೇಕಾದದ್ದು ಮೇವು, ಜಂತು ಮತ್ತು ಹೇನಿನ ಕಡೆಗೆ.

ತೂಕವನ್ನೂ ಬರೆದಿಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಬಕೆಟ್ ಇಟ್ಟು ಅದರೊಳಗೆ ಕೋಳಿಯನ್ನು ಕೂರಿಸಬಹುದು, ಅಥವಾ ಬಟ್ಟೆಯ ಚೀಲದಲ್ಲಿ ಹಾಕಿ ಸ್ಪ್ರಿಂಗ್ ತಕ್ಕಡಿಗೆ ತೂಗು ಹಾಕಬಹುದು. ಪ್ರತಿ ಸಲವೂ ಬೆಳಗ್ಗೆ ಮೇವು ಹಾಕುವ ಮುನ್ನವೇ ತೂಗಬೇಕು, ಏಕೆಂದರೆ ತುಂಬಿದ ಮೇವುಚೀಲ ಲೆಕ್ಕವನ್ನು ಕೆಡಿಸುತ್ತದೆ. ಬೆಳೆದ ನಾಟಿ ಹೇಂಟೆ ಸಾಮಾನ್ಯವಾಗಿ 1.2ರಿಂದ 1.5 ಕೆ.ಜಿ. ತೂಗುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ, ಸ್ವರ್ಣಧಾರ ತಳಿಗಳ ಹೇಂಟೆ ಮೂರು ಕೆ.ಜಿ.ಯ ಆಸುಪಾಸಿಗೆ ಬರುತ್ತದೆ. ಆದರೆ ತಳಿಯ ಸರಾಸರಿಗಿಂತ ಆ ಕೋಳಿಯದೇ ಹಿಂದಿನ ತೂಕ ಹೆಚ್ಚು ಮಾತಾಡುತ್ತದೆ. ಹತ್ತನೇ ಒಂದು ಪಾಲು ಇಳಿದಿದ್ದರೆ ಕಾರಣ ಹುಡುಕಲೇಬೇಕು. ಐದನೇ ಒಂದು ಪಾಲು ಇಳಿದಿದ್ದರೆ ತಡಮಾಡಬಾರದು.

ಹೆದರುವ ಮುನ್ನ ಎರಡು ಸಂದರ್ಭಗಳನ್ನು ಬದಿಗಿಡಿ. ಕಾವಿಗೆ ಕೂತ ಹೇಂಟೆ ದಿನಕ್ಕೊಮ್ಮೆ ಎದ್ದು ಅವಸರದಲ್ಲಿ ನಾಲ್ಕು ಕಾಳು ತಿಂದು ಮತ್ತೆ ಮೊಟ್ಟೆಯ ಮೇಲೆ ಕೂರುತ್ತದೆ. ಆ 21 ದಿನಗಳಲ್ಲಿ ಅದು ಇಳಿಯುವುದು ಸಹಜ. ಮೊಟ್ಟೆಯೇ ಇಲ್ಲದ ಗೂಡಿನಲ್ಲಿ ತಿಂಗಳು ಮೀರಿ ಕೂತರೆ ಮಾತ್ರ ಎಬ್ಬಿಸಬೇಕು. ವರ್ಷಕ್ಕೊಮ್ಮೆ ಹಳೆಯ ಪುಕ್ಕ ಉದುರಿಸಿ ಹೊಸದು ಹೊರಡಿಸುವಾಗಲೂ ಕೋಳಿ ಸ್ವಲ್ಪ ಇಳಿಯುತ್ತದೆ, ಮೊಟ್ಟೆ ನಿಲ್ಲಿಸುತ್ತದೆ. ಆಗ ಬೇಕಾದದ್ದು ಪ್ರೊಟೀನ್ ಇರುವ ಮೇವು, ಔಷಧವಲ್ಲ.

ಸಂಜೆ ಮತ್ತು ಬೆಳಗಿನ ಮೇವುಚೀಲ

ಕುತ್ತಿಗೆಯ ಬುಡದಲ್ಲಿ, ಎದೆಯ ಬಲಬದಿಗೆ ತುಸು ವಾಲಿದಂತೆ ಮೇವುಚೀಲವಿದೆ. ತಿಂದದ್ದು ಮೊದಲು ಇಲ್ಲಿ ಸೇರಿ, ನೆನೆದು, ನಿಧಾನವಾಗಿ ಕೆಳಗಿಳಿಯುತ್ತದೆ. ಆರೋಗ್ಯವಂತ ಕೋಳಿ ಗೂಡು ಸೇರುವ ಹೊತ್ತಿಗೆ ಅದನ್ನು ತುಂಬಿಕೊಂಡಿರುತ್ತದೆ. ಬೆಳಗಾಗುವಷ್ಟರಲ್ಲಿ ಅದು ಬರಿದಾಗಿರುತ್ತದೆ. ಇಷ್ಟು ಗೊತ್ತಿದ್ದರೆ ಸಾಕು. ಸಂಜೆ ಎದೆ ಮುಟ್ಟಿದಾಗಲೇ ಮೇವುಚೀಲವನ್ನೂ ಮುಟ್ಟಿ, ಬೆಳಗ್ಗೆ ಗೂಡಿನ ಬಾಗಿಲು ತೆರೆಯುವ ಮುನ್ನ ಮತ್ತೆ ಮುಟ್ಟಿ.

ಸಂಜೆಯೂ ಬರಿದಾಗಿದ್ದರೆ ಕೋಳಿ ತಿನ್ನುತ್ತಿಲ್ಲ. ಸಂಜೆ ತುಂಬಿದ್ದು ಬೆಳಗ್ಗೆ ಬರಿದಾಗಿದ್ದರೆ ತಿನ್ನುತ್ತಿದೆ, ಆದರೆ ತಿಂದದ್ದು ಮೈಗೆ ಹತ್ತುತ್ತಿಲ್ಲ. ಬೆಳಗ್ಗೆಯೂ ತುಂಬಿಯೇ ಇದ್ದರೆ ತೊಂದರೆ ಆ ಚೀಲದಲ್ಲೇ ಇದೆ, ಅಥವಾ ಅದರ ಕೆಳಗೆ ಎಲ್ಲೋ ದಾರಿ ಕಟ್ಟಿದೆ.

ಕೊನೆಯದನ್ನು ಮೊದಲು ಮುಗಿಸೋಣ. ಬೆಳಗ್ಗೆ ಚೀಲ ಗಟ್ಟಿ ಉಂಡೆಯಾಗಿ ಸಿಕ್ಕರೆ ಉದ್ದನೆಯ ಒಣಹುಲ್ಲು, ತೆಂಗಿನ ನಾರು, ನೈಲಾನ್ ದಾರ, ಪ್ಲಾಸ್ಟಿಕ್ ಚೂರು ಇಂಥವು ಸಿಕ್ಕಿಕೊಂಡಿರಬಹುದು. ಒಂದು ದಿನ ಮೇವು ನಿಲ್ಲಿಸಿ, ನೀರು ಮಾತ್ರ ಕೊಡಿ. ಕೆಲವು ಹನಿ ಕೊಬ್ಬರಿ ಎಣ್ಣೆಯನ್ನು ಕೊಕ್ಕಿನ ಅಂಚಿಗೆ ಹಾಕಿ, ಚೀಲವನ್ನು ಬೆರಳುಗಳಿಂದ ಮೆಲ್ಲಗೆ ನೀವಿ ಉಂಡೆಯನ್ನು ಸಡಿಲಿಸಿ. ದಿನಕ್ಕೆ ಮೂರು ನಾಲ್ಕು ಸಲ, ಪ್ರತಿ ಸಲ ಕೆಲವು ನಿಮಿಷ. ಎರಡು ದಿನಕ್ಕೂ ಕರಗದಿದ್ದರೆ ಪಶುವೈದ್ಯರ ಬಳಿ ಒಯ್ಯಬೇಕು. ಚೀಲವನ್ನು ಸಣ್ಣದಾಗಿ ಸೀಳಿ ಖಾಲಿ ಮಾಡಿ ಹೊಲಿಯುವುದು ಅವರಿಗೆ ದೊಡ್ಡ ಶಸ್ತ್ರಚಿಕಿತ್ಸೆಯಲ್ಲ. ಮನೆಯಲ್ಲಿ ಬ್ಲೇಡ್ ಹಿಡಿಯುವ ಸಾಹಸ ಬೇಡ.

ಚೀಲ ಮೆತ್ತಗೆ, ನೀರು ತುಂಬಿದಂತಿದ್ದು ಬಾಯಿಯಿಂದ ಹುಳಿವಾಸನೆ ಬಂದರೆ ಒಳಗೆ ಮೇವು ಕೊಳೆತು ಶಿಲೀಂಧ್ರ ಬೆಳೆದಿದೆ ಎಂದರ್ಥ. ಹಲವರು ಹೇಳಿಕೊಡುವ ಉಪಾಯವೆಂದರೆ ಕೋಳಿಯನ್ನು ತಲೆಕೆಳಗು ಮಾಡಿ ಕಕ್ಕಿಸುವುದು. ದಯವಿಟ್ಟು ಮಾಡಬೇಡಿ. ಆ ದ್ರವ ಶ್ವಾಸನಾಳಕ್ಕೆ ಇಳಿದರೆ ಕೋಳಿ ಕೈಯಲ್ಲೇ ಸಾಯುತ್ತದೆ. ಅರ್ಧ ದಿನದಿಂದ ಒಂದು ದಿನ ಮೇವು ನಿಲ್ಲಿಸಿ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಮೆತ್ತನೆಯ ಮೇವು ಶುರುಮಾಡಿ. ಶಿಲೀಂಧ್ರಕ್ಕೆ ನಿಸ್ಟಾಟಿನ್ ಎಂಬ ಔಷಧವಿದೆ, ಪ್ರಮಾಣವನ್ನು ವೈದ್ಯರಿಂದ ಬರೆಸಿಕೊಳ್ಳಿ. ಇದು ಮತ್ತೆ ಮತ್ತೆ ಮರುಕಳಿಸಿದರೆ ಕಾರಣ ಬೇರೆ ಇದೆ. ಕೆಳಗಿನ ಹೊಟ್ಟೆಯಲ್ಲಿ ತಡೆ ಅಥವಾ ಗಡ್ಡೆ ಇರುವುದು ಸಾಮಾನ್ಯ.

ತಿನ್ನದ ಕೋಳಿ

ಮೇವು ಹಾಕಿದಾಗ ದೂರದಲ್ಲಿ ಕೂತು ಕಾಲು ಗಂಟೆ ನೋಡಿ. ನಿಮ್ಮ ಮೊಬೈಲ್ ಮನೆಯಲ್ಲೇ ಇರಲಿ. ಕಾಯಿಲೆಯ ಕೋಳಿ ಗುಂಪಿನಲ್ಲಿ ನಿಂತು ನೆಲ ಕುಕ್ಕುತ್ತದೆ, ಆದರೆ ಕಾಳು ನುಂಗುವುದಿಲ್ಲ. ದುರ್ಬಲವೆಂದು ತೋರಿಸಿಕೊಂಡರೆ ಉಳಿದವು ಕುಕ್ಕುತ್ತವೆ ಎಂಬುದು ಅದಕ್ಕೆ ಗೊತ್ತು. ಹೀಗಾಗಿ ಅದು ತಿನ್ನುತ್ತಿದೆ ಎಂಬ ನಿಮ್ಮ ನಂಬಿಕೆಗಿಂತ ಸಂಜೆಯ ಮೇವುಚೀಲವೇ ನಂಬಿಕಸ್ಥ ಸಾಕ್ಷಿ.

ಬೇರೆ ಕೋಳಿಗಳು ಓಡಿಸುತ್ತಿವೆಯೇ? ಹೊಸದಾಗಿ ಸಂತೆಯಿಂದ ತಂದ ಕೋಳಿ, ಗುಂಪಿನ ಅತಿ ಚಿಕ್ಕ ಕೋಳಿ, ವಯಸ್ಸಾದ ಹುಂಜ ಈ ಸಂಕಟಕ್ಕೆ ಸಿಗುತ್ತವೆ. ಪರಿಹಾರ ಸುಲಭ: ಮೇವಿನ ತಟ್ಟೆ ಎರಡು ಇಡಿ, ಒಂದರಿಂದ ಇನ್ನೊಂದು ಕಾಣದಷ್ಟು ದೂರದಲ್ಲಿ. ನೀರಿನ ಪಾತ್ರೆಯೂ ಎರಡು. ಬೇಸಿಗೆಯಲ್ಲಿ ನೀರಿಲ್ಲದ ಕೋಳಿ ಮೇವನ್ನೂ ಬಿಡುತ್ತದೆ. ಬೆಳೆದ ಕೋಳಿ ದಿನಕ್ಕೆ ಸುಮಾರು ಕಾಲು ಲೀಟರ್ ನೀರು ಕುಡಿಯುತ್ತದೆ, ಏಪ್ರಿಲ್-ಮೇ ಬಿಸಿಲಿನಲ್ಲಿ ಇನ್ನೂ ಹೆಚ್ಚು.

ಓಡಿಸುವವರಿಲ್ಲದಿದ್ದರೂ ತಿನ್ನದಿದ್ದರೆ ಬಾಯಿ ತೆರೆದು ನೋಡಿ. ಕೋಳಿ ಸಿಡುಬು ಚರ್ಮದ ಮೇಲೆ ಕಪ್ಪು ಗುಳ್ಳೆಯಾಗಿ ಬಂದರೆ ಎಲ್ಲರಿಗೂ ಕಾಣುತ್ತದೆ. ಬಾಯಿ, ಗಂಟಲೊಳಗೆ ಹಳದಿ ಪೊರೆಯಾಗಿ ಬಂದರೆ ಯಾರಿಗೂ ಕಾಣದೆ ಕೋಳಿ ಹಸಿವಿನಿಂದ ಸಾಯುತ್ತದೆ. ಆ ಪೊರೆಯನ್ನು ಕಿತ್ತರೆ ರಕ್ತ ಬರುತ್ತದೆ, ಕೀಳಬೇಡಿ. ಮೆತ್ತನೆಯ ಮೇವು ಕೊಟ್ಟು ವೈದ್ಯರಿಗೆ ತೋರಿಸಿ. ಕಣ್ಣು ಸಿಡುಬಿನಿಂದ ಅಂಟಿಕೊಂಡಿದ್ದರೆ ಅಥವಾ ಕುರುಡಾಗಿದ್ದರೆ ಕೋಳಿಗೆ ಮೇವು ಕಾಣುವುದೇ ಇಲ್ಲ. ಉಗುರುಬೆಚ್ಚಗಿನ ನೀರಿನಿಂದ ಕಣ್ಣು ತೊಳೆದು, ತಟ್ಟೆಯನ್ನು ಪ್ರತಿ ದಿನ ಒಂದೇ ಜಾಗದಲ್ಲಿ ಇಡಿ. ಕೊಕ್ಕರೆ ರೋಗದಿಂದ (ರಾಣಿಖೇತ್ ಎಂಬ ವೈರಸ್ ಕಾಯಿಲೆ) ಬದುಕುಳಿದ ಕೋಳಿಗಳಲ್ಲಿ ಕೆಲವು ಕತ್ತು ತಿರುಚಿಕೊಂಡು ಗುರಿಯಿಟ್ಟು ಕುಕ್ಕಲಾರದೆ ಸೊರಗುತ್ತವೆ. ಅವಕ್ಕೆ ಆಳದ ಬಟ್ಟಲಿನಲ್ಲಿ ನೆನೆಸಿದ ಮೇವು ಕೊಟ್ಟರೆ ಹಲವು ವಾರಗಳಲ್ಲಿ ಸುಧಾರಿಸುವುದುಂಟು.

ತಿಂದೂ ಸೊರಗುವ ಕೋಳಿ

ಹಿತ್ತಿಲ ಕೋಳಿಗಳಲ್ಲಿ ಹೆಚ್ಚಿನವು ಈ ಗುಂಪಿಗೇ ಸೇರುತ್ತವೆ. ಇಲ್ಲಿಂದ ಮುಂದೆ ಹಿಕ್ಕೆಯೇ ದಾರಿದೀಪ.

ಕೋಳಿಯನ್ನು ಒಂದು ರಾತ್ರಿ ಬೇರೆ ಮಂಕರಿಯಲ್ಲಿ ಅಥವಾ ಪೆಟ್ಟಿಗೆಯಲ್ಲಿ ಹಳೆಯ ಪತ್ರಿಕೆ ಹಾಸಿ ಇಡಿ. ಬೆಳಗ್ಗೆ ಕಾಗದದ ಮೇಲಿರುವುದನ್ನು ನೋಡಿ. ಸಹಜ ಹಿಕ್ಕೆ ಕಂದು ಅಥವಾ ಬೂದು ಬಣ್ಣದ್ದು, ತುದಿಯಲ್ಲಿ ಬಿಳಿ ಟೋಪಿ. ನಡುನಡುವೆ ಒಮ್ಮೆ ಅಂಟಂಟಾದ, ಕಡು ಕಂದು ಬಣ್ಣದ, ನಾತದ ಹಿಕ್ಕೆ ಬರುತ್ತದೆ. ಅದು ಕುರುಡುಕರುಳಿನದು, ರೋಗವಲ್ಲ. ಇದನ್ನು ಭೇದಿಯೆಂದು ತಿಳಿದು ಔಷಧ ಕೊಟ್ಟವರು ಬಹಳ. ಕಡು ಹಸಿರು ಹಿಕ್ಕೆ ಬಂದರೆ ಹೊಟ್ಟೆಯಲ್ಲಿ ಮೇವಿಲ್ಲದೆ ಬರೀ ಪಿತ್ತ ಇಳಿಯುತ್ತಿದೆ ಎಂದು ತಿಳಿಯಿರಿ (ತುಂಬ ಸೊಪ್ಪು ತಿಂದ ದಿನವೂ ಹಸಿರಾಗುತ್ತದೆ, ಅದು ಬೇರೆ). ಕಾಳು ಅರೆಯದೆ ಹಾಗೇ ಬಿದ್ದಿದ್ದರೆ ಕರುಳಿನ ತೊಂದರೆ, ಅಥವಾ ಗೂಡಲ್ಲೇ ಸಾಕುವ ಕೋಳಿಗೆ ಕಾಳು ಅರೆಯಲು ಬೇಕಾದ ಸಣ್ಣ ಕಲ್ಲುಗಳು ಸಿಗುತ್ತಿಲ್ಲ. ರಕ್ತ ಕಂಡರೆ ಮುಂದೆ ಹೇಳುವ ರಕ್ತಭೇದಿಯ ಮಾತಿಗೆ ನೇರವಾಗಿ ಹೋಗಿ.

*ಜಂತುಹುಳು.* ಹೊರಗೆ ಮೇಯುವ ಕೋಳಿಯ ಹೊಟ್ಟೆಯಲ್ಲಿ ಹುಳು ಇಲ್ಲವೇ ಇಲ್ಲ ಎಂದರೆ ನಾನು ನಂಬುವುದಿಲ್ಲ. ಪ್ರಶ್ನೆ ಎಷ್ಟಿದೆ ಎಂಬುದು. ದುಂಡುಹುಳುವಿನ ಮೊಟ್ಟೆ ಹಿಕ್ಕೆಯೊಂದಿಗೆ ಹೊರಬಿದ್ದು, ಬೆಚ್ಚಗಿನ ಒದ್ದೆ ಮಣ್ಣಿನಲ್ಲಿ ಎರಡು ವಾರದ ಹೊತ್ತಿಗೆ ಮತ್ತೊಂದು ಕೋಳಿಗೆ ತಗಲಲು ತಯಾರಾಗುತ್ತದೆ. ನಮ್ಮ ಮಳೆಗಾಲ ಅದಕ್ಕೆ ಹೇಳಿ ಮಾಡಿಸಿದ ಕಾಲ. ಲಾಡಿಹುಳು ಬೇರೆ ದಾರಿಯಲ್ಲಿ ಬರುತ್ತದೆ: ಇರುವೆ, ನೊಣ, ಸಗಣಿಯ ಜೀರುಂಡೆ ಇವುಗಳ ಹೊಟ್ಟೆಯಲ್ಲಿದ್ದು, ಅವನ್ನು ತಿಂದ ಕೋಳಿಗೆ ಸೇರುತ್ತದೆ. ಅಕ್ಕಿಕಾಳಿನಷ್ಟು ದೊಡ್ಡ ಬಿಳಿ ತುಣುಕುಗಳು ಹಿಕ್ಕೆಯ ಮೇಲೆ ಕಂಡರೆ ಲಾಡಿಹುಳು. ದುಂಡುಹುಳು ಮಾತ್ರ ಹೊರಗೆ ಕಾಣುವುದು ಅಪರೂಪ. ಹುಳು ಕಾಣಲಿಲ್ಲವೆಂದು ಹುಳುವಿಲ್ಲ ಎನ್ನಬೇಡಿ.

ಖಚಿತವಾಗಿ ತಿಳಿಯಲು ನಾಲ್ಕೈದು ಕೋಳಿಗಳ ತಾಜಾ ಹಿಕ್ಕೆಯನ್ನು ಸ್ವಚ್ಛ ಡಬ್ಬಿಯಲ್ಲಿ ಹಾಕಿ ಅಂದೇ ತಾಲ್ಲೂಕು ಪಶು ಆಸ್ಪತ್ರೆಗೆ ಕೊಡಿ. ಅದೇ ದಿನ ಆಗದಿದ್ದರೆ ಫ್ರಿಜ್‌ನಲ್ಲಿಡಬಹುದು, ಫ್ರೀಜರ್‌ನಲ್ಲಿ ಬೇಡ. ಸೂಕ್ಷ್ಮದರ್ಶಕದಲ್ಲಿ ಮೊಟ್ಟೆ ಕಂಡರೆ ಯಾವ ಹುಳು ಎಂದು ಗೊತ್ತಾಗುತ್ತದೆ, ಔಷಧವೂ ಅದಕ್ಕೆ ತಕ್ಕಂತೆ ಬರುತ್ತದೆ. ಇದು ಮುಖ್ಯ. ಪೈಪರಜೀನ್ ದುಂಡುಹುಳುವಿಗೆ ಮಾತ್ರ ಕೆಲಸ ಮಾಡುತ್ತದೆ. ಆಲ್ಬೆಂಡಜೋಲ್, ಫೆನ್‌ಬೆಂಡಜೋಲ್ ಹಲವು ಬಗೆಯ ಹುಳುಗಳಿಗೆ ಆಗುತ್ತವೆ. ಲಾಡಿಹುಳುವಿಗೆ ಸಾಮಾನ್ಯವಾಗಿ ಪ್ರಾಜಿಕ್ವಾಂಟೆಲ್ ಬೇಕಾಗುತ್ತದೆ.

ಪ್ರಮಾಣದ ಲೆಕ್ಕವನ್ನು ಒಮ್ಮೆ ಕೂತು ಮಾಡಿ. ಆಲ್ಬೆಂಡಜೋಲ್ ಸಾಮಾನ್ಯವಾಗಿ ಕೆ.ಜಿ. ತೂಕಕ್ಕೆ 10ರಿಂದ 20 ಮಿಲಿಗ್ರಾಂ. ಕೋಳಿ 1.5 ಕೆ.ಜಿ. ಇದ್ದು, ವೈದ್ಯರು 10ರ ಪ್ರಮಾಣ ಹೇಳಿದರೆ ಬೇಕಾದದ್ದು 15 ಮಿಲಿಗ್ರಾಂ. ಬಾಟಲಿಯ ಮೇಲೆ ಶೇ. 2.5 ಎಂದಿದ್ದರೆ ಒಂದು ಮಿ.ಲೀ.ಯಲ್ಲಿ 25 ಮಿಲಿಗ್ರಾಂ ಇದೆ. ಅಂದರೆ ಕೊಡಬೇಕಾದದ್ದು 0.6 ಮಿ.ಲೀ. ಅದೇ ಔಷಧ ಶೇ. 10ರ ಬಾಟಲಿಯಲ್ಲೂ ಬರುತ್ತದೆ. ಲೇಬಲ್ ಓದದೆ ಹಳೆಯ ಅಳತೆಯಲ್ಲೇ ಕೊಟ್ಟರೆ ನಾಲ್ಕು ಪಟ್ಟು ಹೋಗುತ್ತದೆ. ಮನುಷ್ಯರ 400 ಮಿಲಿಗ್ರಾಂ ಮಾತ್ರೆಯಲ್ಲಿ ಅರ್ಧ ಮುರಿದು ತುರುಕುವವರಿದ್ದಾರೆ. ಆ ಅರ್ಧದಲ್ಲಿರುವುದು ಇದೇ ಕೋಳಿಗೆ ಬೇಕಾದ ಹತ್ತು ಪಟ್ಟಿಗೂ ಹೆಚ್ಚು.

ಔಷಧವನ್ನು ನೀರಿಗೆ ಬೆರೆಸುವುದಕ್ಕಿಂತ ಒಂದೊಂದೇ ಕೋಳಿಯ ಬಾಯಿಗೆ ಹಾಕುವುದು ಒಳ್ಳೆಯದು; ನಿಜವಾಗಿ ಬೇಕಾದ ಕೋಳಿಯೇ ಕಡಿಮೆ ನೀರು ಕುಡಿಯುತ್ತದೆ. ನಾಲಿಗೆಯ ಬುಡದಲ್ಲೇ ಶ್ವಾಸನಾಳದ ಬಾಯಿ ತೆರೆದುಕೊಂಡಿರುತ್ತದೆ. ಆದ್ದರಿಂದ ಸೂಜಿಯಿಲ್ಲದ ಸಿರಿಂಜಿನಿಂದ ಕೊಕ್ಕಿನ ಅಂಚಿಗೆ ಒಂದೊಂದೇ ಹನಿ ಬಿಟ್ಟು, ನುಂಗಲು ಬಿಡುವು ಕೊಡಿ. ಎರಡು ಮೂರು ವಾರದ ನಂತರ ಇನ್ನೊಮ್ಮೆ ಕೊಡಬೇಕು, ಮೊದಲ ಸಲ ಎಳೆಯದಾಗಿ ಉಳಿದ ಹುಳುಗಳು ಅಷ್ಟರಲ್ಲಿ ಬಲಿತಿರುತ್ತವೆ. ಪುಕ್ಕ ಉದುರಿ ಹೊಸದು ಬರುತ್ತಿರುವಾಗ ಆಲ್ಬೆಂಡಜೋಲ್ ಗುಂಪಿನ ಔಷಧ ಬೇಡ, ಹೊಸ ಗರಿ ವಿಕಾರವಾಗುತ್ತದೆ. ಮೊಟ್ಟೆಯನ್ನು ಎಷ್ಟು ದಿನ ತಿನ್ನಬಾರದು ಎಂದು ಲೇಬಲ್‌ನಲ್ಲಿ ನೋಡಿ. ಬರೆದಿಲ್ಲದಿದ್ದರೆ ಎರಡು ವಾರ ಬಿಡುವುದು ಕ್ಷೇಮ.

*ರಕ್ತಭೇದಿ.* ಮೂರು ವಾರದಿಂದ ಎರಡೂವರೆ ತಿಂಗಳ ಮರಿಗಳ ದೊಡ್ಡ ಶತ್ರು ಕಾಕ್ಸಿಡಿಯಾ ಎಂಬ ಪರೋಪಜೀವಿ. ಮರಿ ಮುದುಡಿ ಕೂರುತ್ತದೆ, ರೆಕ್ಕೆ ಇಳಿಬಿಡುತ್ತದೆ, ಜುಟ್ಟು ಬಿಳಿಚುತ್ತದೆ. ಹಿಕ್ಕೆಯಲ್ಲಿ ರಕ್ತ ಬರಬಹುದು, ಬರದೆಯೂ ಇರಬಹುದು. ರಕ್ತವಿಲ್ಲದ ಬಗೆಗಳು ಮರಿಯನ್ನು ಸದ್ದಿಲ್ಲದೆ ಸೊರಗಿಸುತ್ತವೆ. ಒದ್ದೆ ಹಾಸಿನಲ್ಲಿ ಈ ಪರೋಪಜೀವಿಯ ಬೀಜಕೋಶಗಳು ಒಂದೆರಡು ದಿನದಲ್ಲೇ ಸೋಂಕು ಹರಡಲು ಸಿದ್ಧವಾಗುತ್ತವೆ. ಇಲ್ಲಿ ಕಾಯುತ್ತ ಕೂರುವಂತಿಲ್ಲ. ಆಂಪ್ರೋಲಿಯಮ್ ಶೇ. 20ರ ಪುಡಿಯಾದರೆ ಲೀಟರ್ ನೀರಿಗೆ 1.2 ಗ್ರಾಂ, ಐದು ದಿನ. ಆ ದಿನಗಳಲ್ಲಿ ಬೇರೆ ನೀರು ಸಿಗಬಾರದು. ಪ್ರತಿ ದಿನ ಹೊಸದಾಗಿ ಬೆರೆಸಿ. ಈ ಔಷಧ ಕೆಲಸ ಮಾಡುವುದೇ ಪರೋಪಜೀವಿಗೆ ಬಿ1 ವಿಟಮಿನ್ ಸಿಗದಂತೆ ಮಾಡಿ. ಹೀಗಿರುವಾಗ ಜೊತೆಗೆ ಬಿ-ಕಾಂಪ್ಲೆಕ್ಸ್ ಟಾನಿಕ್ ಹಾಕಿದರೆ ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈಯಿಂದ ಕಿತ್ತುಕೊಂಡ ಹಾಗೆ. ಟಾನಿಕ್ ಐದು ದಿನ ಕಳೆದ ಮೇಲೆ ಇರಲಿ. ಹಾಸನ್ನು ಪೂರ್ತಿ ತೆಗೆದು ಒಣ ಭತ್ತದ ಹೊಟ್ಟು ಹಾಕದಿದ್ದರೆ ಔಷಧದ ದುಡ್ಡು ದಂಡ.

*ಹೇನು, ಉಣ್ಣೆ.* ಹುಳು ಒಳಗೆ ಹುಡುಕುವವರು ಹೊರಗೆ ನೋಡುವುದನ್ನು ಮರೆಯುತ್ತಾರೆ. ಗುದದ ಸುತ್ತ ಪುಕ್ಕ ಬಿಡಿಸಿ ನೋಡಿ. ಹುಲ್ಲಿನ ಬಣ್ಣದ ಹೇನು ಓಡಾಡುವುದು, ಗರಿಯ ಬುಡಕ್ಕೆ ಬಿಳಿ ಮೊಟ್ಟೆಗಳ ಗಂಟು ಕಟ್ಟಿರುವುದು ಕಾಣಬಹುದು. ಇನ್ನು ಕೆಂಪು ನುಸಿ ಹಗಲೆಲ್ಲ ಕೋಲಿನ ಸಂದಿಯಲ್ಲಿದ್ದು ರಾತ್ರಿ ಮಾತ್ರ ಕೋಳಿಯ ರಕ್ತ ಹೀರುತ್ತದೆ. ರಾತ್ರಿ ಹತ್ತರ ನಂತರ ಕೋಲಿನ ಅಡಿಗೆ ಬಿಳಿ ಕಾಗದ ಎಳೆದರೆ ಕೆಂಪು ಗೆರೆ ಮೂಡುತ್ತದೆ. ಗೋಡೆಯ ಬಿರುಕಿನಲ್ಲಿ ಅಡಗುವ ಕೋಳಿ ಉಣ್ಣೆಯದೂ ಇದೇ ಬುದ್ಧಿ. ಅದು ರಕ್ತ ಹೀರುವುದಲ್ಲದೆ ಹಸಿರು ಭೇದಿ, ಜ್ವರ, ಕಾಲು ಸೋಲುವ ರೋಗವನ್ನೂ ಹರಡುತ್ತದೆ. ಆ ರೋಗಕ್ಕೆ ಪೆನಿಸಿಲಿನ್ ಗುಣಕಾರಿ, ಆದರೆ ವೈದ್ಯರು ನೋಡಿದ ಮೇಲೆ.

ಕೋಳಿಗೆ ಪರ್ಮೆತ್ರಿನ್ ಪುಡಿಯನ್ನು ರೆಕ್ಕೆಯಡಿ, ಗುದದ ಸುತ್ತ ಹಚ್ಚಿ, ಹತ್ತು ಹದಿನಾಲ್ಕು ದಿನ ಬಿಟ್ಟು ಮತ್ತೊಮ್ಮೆ ಹಚ್ಚಬೇಕು. ಮೊದಲ ಸಲದ ಔಷಧ ಮೊಟ್ಟೆಗಳನ್ನು ಕೊಲ್ಲುವುದಿಲ್ಲ. ಕೋಲು, ಬಿರುಕು, ಗೂಡಿನ ಮೂಲೆಗಳಿಗೆ ಕುದಿಯುವ ನೀರು, ಆಮೇಲೆ ಸುಣ್ಣ. ಹೊಲಕ್ಕೆ ಹೊಡೆಯುವ ಕೀಟನಾಶಕದ ಉಳಿಕೆಯನ್ನು ಕೋಳಿಯ ಮೇಲೆ ಸಿಂಪಡಿಸುವ ಪದ್ಧತಿಯನ್ನು ಇನ್ನಾದರೂ ಬಿಡಬೇಕು. ಹೇನು ಸಾಯುತ್ತದೆ ನಿಜ, ಆ ವಿಷ ಮೊಟ್ಟೆಯೊಳಗೂ ಇಳಿಯುತ್ತದೆ. ಒಣ ಮಣ್ಣು, ಒಲೆಯ ಬೂದಿ ಹಾಕಿದ ಒಂದು ಗುಂಡಿ ಮಾಡಿಕೊಡಿ. ಹೊರಳಾಡುವುದು ಹೇನಿಗೆ ಕೋಳಿಯದೇ ಮದ್ದು.

*ಮೇವು.* ಇದು ರೋಗವಲ್ಲ, ಆದರೆ ನಗರದ ಮಹಡಿಯ ಮೇಲಿನ ಕೋಳಿಗಳು ಹೆಚ್ಚಾಗಿ ಇದರಿಂದಲೇ ಸೊರಗುತ್ತವೆ. ಹಳ್ಳಿಯ ಕೋಳಿಗೆ ಅಕ್ಕಿ ನುಚ್ಚು ಹಾಕಿದರೆ ಸಾಕು, ಉಳಿದ ಹುಳ-ಹುಪ್ಪಟೆ ಅದು ತಿಪ್ಪೆಯಲ್ಲಿ ಕೆದಕಿ ತಿನ್ನುತ್ತದೆ. ಅದೇ ನುಚ್ಚನ್ನು ಮಹಡಿಯ ಕೋಳಿಗೆ ಹಾಕಿದರೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಮೊಟ್ಟೆಯಿಡುವ ಕೋಳಿಗೆ ಶೇ. 16ರಿಂದ 18 ಪ್ರೊಟೀನ್ ಬೇಕು. ಮನೆಯಲ್ಲೇ ಬೆರೆಸುವುದಾದರೆ ಜೋಳ, ರಾಗಿ, ಮುಸುಕಿನ ಜೋಳ ಸೇರಿ 55 ಪಾಲು, ತೌಡು 15, ಕಡಲೆಕಾಯಿ ಹಿಂಡಿ ಅಥವಾ ಸೋಯಾ ಹಿಂಡಿ 20, ಒಣಮೀನಿನ ಪುಡಿ 5, ಕಪ್ಪೆಚಿಪ್ಪಿನ ಪುಡಿ ಮತ್ತು ಖನಿಜ ಮಿಶ್ರಣ 5 ಪಾಲು ಹಾಕಿದರೆ ಆ ಮಟ್ಟ ಮುಟ್ಟುತ್ತದೆ. ಒಣಮೀನು ಉಪ್ಪು ಹಾಕದ್ದಾಗಿರಲಿ, ಹೆಚ್ಚು ಉಪ್ಪು ಕೋಳಿಗೆ ವಿಷ. ಮರಿಗಳಿಗೆ ಚಿಪ್ಪಿನ ಪುಡಿ ಇಷ್ಟು ಹಾಕಬಾರದು. ಗೆದ್ದಲು ತಂದು ಮರಿಗಳ ಮುಂದೆ ಸುರಿಯುವ ಹಿರಿಯರ ರೂಢಿಗೆ ಸಮನಾದ ಟಾನಿಕ್ ಇನ್ನೂ ಬಾಟಲಿಯಲ್ಲಿ ಬಂದಿಲ್ಲ ಎಂದು ನನ್ನ ಅಭಿಪ್ರಾಯ.

ಬೂಷ್ಟು ಹಿಡಿದ ಮುಸುಕಿನ ಜೋಳ, ಕಡಲೆಕಾಯಿ ಹಿಂಡಿಯನ್ನು "ಕೋಳಿಗಲ್ಲವೇ" ಎಂದು ಹಾಕುವುದು ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಕಾಣುವ ಸಂಗತಿ. ಆ ಬೂಷ್ಟಿನ ಅಫ್ಲಾಟಾಕ್ಸಿನ್ ವಿಷ ಯಕೃತ್ತನ್ನು ಕೆಡಿಸಿ ಕೋಳಿಯನ್ನು ನಿಧಾನವಾಗಿ ಇಳಿಸುತ್ತದೆ. ತೊಳೆದರೂ ಬೇಯಿಸಿದರೂ ಆ ವಿಷ ಹೋಗುವುದಿಲ್ಲ. ಗೊಬ್ಬರದ ಗುಂಡಿಗೆ ಹಾಕಿ ಮುಚ್ಚಿಬಿಡಿ.

ಹೊಟ್ಟೆ ಮುಟ್ಟಿದಿರಾ?

ತಕ್ಕಡಿ ಸುಳ್ಳು ಹೇಳುವ ಒಂದು ಸಂದರ್ಭವಿದೆ. ಎದೆಮೂಳೆ ಎದ್ದು ಕಾಣುತ್ತದೆ, ತೂಕ ಮಾತ್ರ ಇಳಿದಿಲ್ಲ. ಕಾಲುಗಳ ನಡುವೆ, ಗುದದ ಕೆಳಗೆ ಕೈಯಿಟ್ಟು ನೋಡಿ. ಹೊಟ್ಟೆ ನೀರು ತುಂಬಿ ಉಬ್ಬಿದ್ದರೆ ಅಥವಾ ಒಳಗೆ ಗಟ್ಟಿ ಗಡ್ಡೆ ಸಿಕ್ಕರೆ, ಮೊಟ್ಟೆಯ ಹಳದಿ ದಾರಿ ತಪ್ಪಿ ಹೊಟ್ಟೆಯೊಳಗೆ ಬಿದ್ದು ಕೀವಾಗಿರಬಹುದು, ಇಲ್ಲವೇ ಗಡ್ಡೆ ಬೆಳೆದಿರಬಹುದು. ವರ್ಷ ದಾಟಿದ, ಹೆಚ್ಚು ಮೊಟ್ಟೆಯಿಡುವ ಫಾರಂ ತಳಿಗಳಲ್ಲಿ ಇದು ಸಾಮಾನ್ಯ. ವೈದ್ಯರು ನೀರು ತೆಗೆದು ಉಸಿರಾಟ ಹಗುರ ಮಾಡಬಲ್ಲರು, ಗುಣವಾಗುವುದು ಅಪರೂಪ.

ಔಷಧವಿಲ್ಲದ ಇನ್ನೆರಡನ್ನೂ ಇಲ್ಲೇ ಹೇಳಿಬಿಡುತ್ತೇನೆ. ಎರಡು ತಿಂಗಳಿಂದ ಆರೇಳು ತಿಂಗಳ ಎಳೆಯ ಕೋಳಿ ಸೊರಗುತ್ತ, ಒಂದು ಕಾಲು ಮುಂದಕ್ಕೆ ಒಂದು ಕಾಲು ಹಿಂದಕ್ಕೆ ಚಾಚಿ ಬಿದ್ದರೆ ಮಾರೆಕ್ಸ್ ರೋಗದ ಅನುಮಾನ. ಚಿಕಿತ್ಸೆಯಿಲ್ಲ, ಮರಿ ಹೊರಬಂದ ದಿನವೇ ಹ್ಯಾಚರಿಯಲ್ಲಿ ಲಸಿಕೆ ಹಾಕಿದ್ದರೆ ಮಾತ್ರ ರಕ್ಷಣೆ. ಮರಿ ಕೊಳ್ಳುವಾಗ ಈ ಲಸಿಕೆಯ ಬಗ್ಗೆ ಕೇಳಿ. ಎರಡನೆಯದು ಹಕ್ಕಿಗಳ ಕ್ಷಯ. ಹಳೆಯ ಕೋಳಿ, ಹಸಿವು ಚೆನ್ನಾಗಿದೆ, ಚುರುಕಾಗಿಯೂ ಇದೆ, ಆದರೂ ತಿಂಗಳುಗಟ್ಟಲೆ ಇಳಿಯುತ್ತ ಹೋಗುತ್ತದೆ, ಕೆಲವೊಮ್ಮೆ ಕುಂಟುತ್ತದೆ. ಹುಳುವಿನ ಔಷಧ ಎರಡು ಸಲ ಕೊಟ್ಟೂ ತೂಕ ಏರದಿದ್ದರೆ ಇದನ್ನು ನೆನೆಯಿರಿ. ರೋಗಾಣು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಇಂಥ ಕೋಳಿಗೆ ಚಿಕಿತ್ಸೆ ಮಾಡುವುದಿಲ್ಲ. ಗುಂಪಿನಿಂದ ತೆಗೆಯಬೇಕು, ಮಾಂಸ ತಿನ್ನಬಾರದು. ಮನೆಯಲ್ಲಿ ರೋಗನಿರೋಧಕ ಶಕ್ತಿ ಕುಂದಿದವರಿದ್ದರೆ ಅವರು ಆ ಗೂಡಿನ ಹತ್ತಿರ ಹೋಗದಿರಲಿ.

ಕಾರಣ ಗೊತ್ತಾಗುವವರೆಗೆ ಜೀವ ಹಿಡಿಯುವುದು

ವರದಿ ಬರಲು ಒಂದೆರಡು ದಿನ ಬೇಕು. ಅಲ್ಲಿಯವರೆಗೆ ಕೋಳಿಯನ್ನು ಗುಂಪಿನಿಂದ ಬೇರೆ ಮಾಡಿ, ಗಾಳಿ ಹೊಡೆಯದ ಜಾಗದಲ್ಲಿ ಇಡಿ. ಬಡಕಲು ಮೈಗೆ ಮೊದಲು ಬೇಕಾದದ್ದು ಬಿಸಿ: ಪೆಟ್ಟಿಗೆಯ ಒಂದು ಬದಿಗೆ 60 ವ್ಯಾಟ್ ಬಲ್ಬ್, 28-30 ಡಿಗ್ರಿ ಇದ್ದರೆ ಸಾಕು, ಇನ್ನೊಂದು ಬದಿ ತಂಪಾಗಿರಲಿ, ಬೇಕೆಂದಲ್ಲಿ ಕೂರುತ್ತದೆ. ಎರಡನೆಯದು ನೀರು. ಓಆರ್‌ಎಸ್ ಬೆರೆಸಿದ ನೀರು ಮೊದಲ ದಿನಕ್ಕೆ ಒಳ್ಳೆಯದು. ಮೇವು ಮೂರನೆಯದು. ಮೈ ತಣ್ಣಗಿರುವ ಕೋಳಿಯ ಬಾಯಿಗೆ ಮೇವು ತುರುಕಿದರೆ ಅದು ಚೀಲದಲ್ಲೇ ಕೊಳೆಯುತ್ತದೆ.

ಬೆಚ್ಚಗಾದ ಮೇಲೆ ಬೇಯಿಸಿದ ಮೊಟ್ಟೆಯನ್ನು ಹಿಸುಕಿ, ಕೋಳಿ ಮೇವಿನ ಪುಡಿಯನ್ನು ನೆನೆಸಿ, ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ನಾಲ್ಕೈದು ಸಲ ಇಡಿ. ತಾನಾಗಿ ತಿನ್ನದಿದ್ದರೆ ತೆಳ್ಳಗಿನ ರಾಗಿ ಅಂಬಲಿಯಲ್ಲಿ ಮೊಟ್ಟೆಯ ಹಳದಿ ಕಲಸಿ ಸಿರಿಂಜಿನಲ್ಲಿ ಕೊಡಬಹುದು, ಹಿಂದಿನ ಸಲದ್ದು ಚೀಲದಿಂದ ಇಳಿದಿದ್ದರೆ ಮಾತ್ರ. ಹಾಲು ಬೇಡ, ಭೇದಿಯಾಗುತ್ತದೆ. ಪ್ರತಿ ಬೆಳಗ್ಗೆ ತೂಗಿ ಬರೆಯಿರಿ.

ಹಿಕ್ಕೆ ಪರೀಕ್ಷೆ ಮಾಡಿಸಲು ಸಾಧ್ಯವೇ ಇಲ್ಲದ ಊರಾದರೆ? ಸಂಜೆ ಚೀಲ ತುಂಬಿಸಿಕೊಂಡು ಬೆಳಗ್ಗೆ ಬರಿದಾಗುವ, ಹೊರಗೆ ಮೇಯುವ, ಮೂರು ತಿಂಗಳು ದಾಟಿದ ಕೋಳಿಗೆ ಜಂತಿನ ಔಷಧವನ್ನು ಪರೀಕ್ಷೆಯಿಲ್ಲದೆ ಕೊಡುವುದನ್ನು ನಾನು ತಪ್ಪು ಎನ್ನುವುದಿಲ್ಲ. ಆ್ಯಂಟಿಬಯೋಟಿಕ್ ವಿಷಯದಲ್ಲಿ ಮಾತ್ರ ಈ ರಿಯಾಯಿತಿ ಇಲ್ಲ. ಸೊರಗುವಿಕೆಯ ಕಾರಣಗಳಲ್ಲಿ ಬ್ಯಾಕ್ಟೀರಿಯಾದ ಪಾಲು ಕಡಿಮೆ. ಸುಮ್ಮನೆ ಕೊಟ್ಟ ಔಷಧ ಮನೆಯವರು ತಿನ್ನುವ ಮೊಟ್ಟೆಗೆ ಸೇರುತ್ತದೆ. ಮನುಷ್ಯರಿಗೆ ಕೊನೆಯ ಅಸ್ತ್ರವಾಗಿ ಉಳಿದಿರುವ ಕೊಲಿಸ್ಟಿನ್ ಔಷಧವನ್ನು ಆಹಾರಕ್ಕೆ ಸಾಕುವ ಪ್ರಾಣಿಗಳಿಗೆ ಬಳಸುವುದನ್ನು ಕೇಂದ್ರ ಸರ್ಕಾರ 2019ರಲ್ಲೇ ನಿಷೇಧಿಸಿದೆ. ಅಂಗಡಿಯಲ್ಲಿ ಹಳೆಯ ಪುಡಿ ಕೈಗಿತ್ತರೆ ಹೆಸರು ಓದಿ.

ವೈದ್ಯರು ಹತ್ತಿರವಿಲ್ಲದಿದ್ದರೆ ಪಶುಸಂಗೋಪನಾ ಇಲಾಖೆಯ 1962 ಸಹಾಯವಾಣಿಗೆ ಕರೆ ಮಾಡಬಹುದು. ಗುಂಪಿನಲ್ಲಿ ಹಠಾತ್ತಾಗಿ ಹಲವು ಕೋಳಿಗಳು ಸತ್ತರೆ, ಉಸಿರಾಟದ ತೊಂದರೆ, ಜುಟ್ಟು ನೀಲಿಗಟ್ಟುವುದು ಕಂಡರೆ ಈ ಲೇಖನ ಬದಿಗಿಟ್ಟು ಅಂದೇ ಇಲಾಖೆಗೆ ತಿಳಿಸಿ. ಅದು ಹಕ್ಕಿಜ್ವರವಾಗಿರುವ ಸಾಧ್ಯತೆಯಿದೆ. ಒಂದೆರಡು ಕೋಳಿಗಳು ನಿಧಾನವಾಗಿ ಸೊರಗಿ ಸತ್ತರೆ ಅವನ್ನು ಹೂಳುವ ಮುನ್ನ ಒಂದು ಯೋಚನೆ: ಸತ್ತ ಕೋಳಿಯ ಮರಣೋತ್ತರ ಪರೀಕ್ಷೆಯಷ್ಟು ನಿಖರ ಉತ್ತರ ಬೇರೆ ಯಾವುದರಿಂದಲೂ ಸಿಗುವುದಿಲ್ಲ. ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ, ಮಂಜುಗಡ್ಡೆಯ ನಡುವೆ ಇಟ್ಟು, ಅಂದೇ ಪಶು ಆಸ್ಪತ್ರೆಗೋ ಹತ್ತಿರದ ಪಶುವೈದ್ಯಕೀಯ ಕಾಲೇಜಿಗೋ ಒಯ್ಯಿರಿ. ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನಗಳಲ್ಲಿ ಇಂಥ ಕಾಲೇಜುಗಳಿವೆ. ಯಕೃತ್ತಿನ ಮೇಲೆ ಗಂಟುಗಳಿವೆಯೇ, ಕರುಳಿನಲ್ಲಿ ಹುಳುಗಳಿವೆಯೇ ಎಂದು ಕತ್ತರಿಸಿ ನೋಡಿದ ಹತ್ತೇ ನಿಮಿಷಕ್ಕೆ ಉಳಿದ ಕೋಳಿಗಳಿಗೆ ಏನು ಕೊಡಬೇಕೆಂದು ಗೊತ್ತಾಗುತ್ತದೆ.

ಗುಂಪಿಗೆ ಮರಳಿಸುವಾಗ

ಎರಡು ವಾರ ಸತತವಾಗಿ ತೂಕ ಏರಿ, ಎದೆಯ ಬದಿಗಳು ತುಂಬಲು ತೊಡಗಿದ ಮೇಲೆಯೇ ಗುಂಪಿಗೆ ಬಿಡಿ. ಮೊದಲು ಮೂರು ನಾಲ್ಕು ದಿನ ಜಾಲರಿಯ ಆಚೆ ಈಚೆ ಇಟ್ಟು ಪರಸ್ಪರ ಕಾಣುವಂತೆ ಮಾಡಿ. ಆಮೇಲೆ ಒಂದು ಸಂಜೆ ಕತ್ತಲಾದ ಮೇಲೆ ಕೋಲಿನ ಮೇಲೆ ಉಳಿದವುಗಳ ಪಕ್ಕದಲ್ಲಿ ಕೂರಿಸಿ. ಮರುದಿನ ಬೆಳಗ್ಗೆ ಎರಡನೆಯ ಮೇವಿನ ತಟ್ಟೆ ಇಟ್ಟು, ಅರ್ಧ ಗಂಟೆ ಅಲ್ಲೇ ಇರಿ. ಹಟ ಹಿಡಿದು ಕುಕ್ಕುವ ಕೋಳಿ ಸಾಮಾನ್ಯವಾಗಿ ಒಂದೇ ಇರುತ್ತದೆ. ತೆಗೆದು ಬೇರೆ ಕೂಡಬೇಕಾದದ್ದು ಆ ಜಗಳಗಂಟಿಯನ್ನು, ಗುಣವಾಗಿ ಬಂದದ್ದನ್ನಲ್ಲ. ಮೂರು ದಿನ ಬಿಟ್ಟು ಮರಳಿ ಬಂದರೆ ಅದರ ಜಾಗ ಕೆಳಗಿಳಿದಿರುತ್ತದೆ. ಹುಳುವಿನ ಔಷಧದ ಎರಡನೆಯ ಸರದಿಯ ದಿನವನ್ನು ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿ. ಹೊಸ ಕೋಳಿ ತಂದರೆ ಮೂರು ವಾರ ಬೇರೆಯಾಗಿಟ್ಟು, ಹಿಕ್ಕೆ ಪರೀಕ್ಷೆ ಮಾಡಿಸಿ, ಹೇನು ನೋಡಿದ ಮೇಲೆಯೇ ಸೇರಿಸಿ. ಇನ್ನು ತಿಂಗಳಿಗೊಮ್ಮೆ, ಕತ್ತಲಾದ ಮೇಲೆ, ಎಲ್ಲ ಕೋಳಿಗಳ ಎದೆಯನ್ನೂ ಒಮ್ಮೆ ಮುಟ್ಟಿ ನೋಡಿ. ಹತ್ತು ಕೋಳಿಗಳಿಗೆ ಹತ್ತು ನಿಮಿಷ ಸಾಕು.